ಬಾಡಿಗೆ ಮನೆ, ತಿಂಗಳ ಬಿಲ್ಲು ಮತ್ತು ಸಿಗಬೇಕಾದ ನೆರವು

ಇಂದಿನ ವಿಷಯವನ್ನು ಸಂಘಟಕರು ನನಗೆ ಒಂದು ಪ್ರಶ್ನೆಯಾಗಿಯೇ ಕೊಟ್ಟಿದ್ದಾರೆ. ಬಾಡಿಗೆ ಮನೆಯಲ್ಲಿರುವ ಕುಟುಂಬಕ್ಕೆ ತಿಂಗಳ ಖರ್ಚು ಸರಿದೂಗದೆ ಹೋದಾಗ ಯಾರ ಬಳಿ ಹೋಗಬೇಕು, ಏನು ಕೇಳಬೇಕು ಎಂಬುದು ಆ ಪ್ರಶ್ನೆ. ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಿಬಿಡುತ್ತೇನೆ. ಬಾಡಿಗೆ ಕಟ್ಟಲಾಗದವರ ಪರವಾಗಿ ಬಾಡಿಗೆಯನ್ನೇ ತುಂಬಿಕೊಡುವ ಸಾಮಾನ್ಯ ಯೋಜನೆ ನಮ್ಮ ರಾಜ್ಯದಲ್ಲಿ ಇಲ್ಲ. ಇರುವ ನೆರವೆಲ್ಲ ವಿದ್ಯುತ್ತಿಗೆ, ಅಕ್ಕಿಗೆ, ಅಡುಗೆ ಅನಿಲಕ್ಕೆ, ಮನೆಯೊಡತಿಯ ಖಾತೆಗೆ ಎಂದು ಹಂಚಿಹೋಗಿದೆ. ಇವುಗಳನ್ನು ಒಂದೊಂದಾಗಿ ಪಡೆದುಕೊಂಡರೆ ಬಾಡಿಗೆಗೆ ಎತ್ತಿಡಬೇಕಾದ ಹಣದ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಆದರೆ ಇವೆಲ್ಲವೂ ಯಾವುದಾದರೊಂದು ದಾಖಲೆಗೆ ಅಂಟಿಕೊಂಡಿವೆ. ಸ್ವಂತ ಮನೆಯವರ ದಾಖಲೆಯೂ ವಾಸವೂ ಒಂದೇ ವಿಳಾಸದಲ್ಲಿರುತ್ತವೆ. ಬಾಡಿಗೆದಾರರು ಇರುವುದು ಬೆಂಗಳೂರಿನ ಲಗ್ಗೆರೆಯಲ್ಲಿ, ಪಡಿತರ ಚೀಟಿ ಇರುವುದು ಸಿಂಧನೂರಿನಲ್ಲಿ, ಆಧಾರ್ ವಿಳಾಸ ಹಿಂದಿನ ಬಾಡಿಗೆ ಮನೆಯದು, ವಿದ್ಯುತ್ ಮೀಟರ್ ಮಾಲೀಕರ ಹೆಸರಿನಲ್ಲಿ. ಅರ್ಹತೆ ಇದ್ದೂ ನೆರವು ತಪ್ಪಿಹೋಗುವುದು ಬಹುಪಾಲು ಈ ಅಂತರದಿಂದ. ಆದ್ದರಿಂದ ನಾನು ಯೋಜನೆಗಳ ಪಟ್ಟಿ ಓದುವುದಿಲ್ಲ. ಯಾವ ನೆರವು ಯಾವ ದಾಖಲೆಯನ್ನು ಕೇಳುತ್ತದೆ, ಯಾವುದು ವಿಳಾಸವನ್ನೇ ಕೇಳುವುದಿಲ್ಲ ಎಂಬುದರ ಕಡೆಗೆ ನಿಮ್ಮ ಗಮನ ಸೆಳೆಯುತ್ತೇನೆ.

ವಿದ್ಯುತ್ತಿನಿಂದ ಆರಂಭಿಸೋಣ, ಏಕೆಂದರೆ ಬಾಡಿಗೆದಾರರ ಹೆಚ್ಚಿನ ಗೊಂದಲ ಇರುವುದು ಇಲ್ಲಿಯೇ. ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂತು. ‘200 ಯೂನಿಟ್ ಉಚಿತ’ ಎಂಬ ಮಾತು ಎಷ್ಟು ಹರಡಿತೆಂದರೆ, ಪ್ರತಿ ಮನೆಗೂ 200 ಯೂನಿಟ್ ಸಿಗುತ್ತದೆ ಎಂದು ಇಂದಿಗೂ ಅನೇಕರು ನಂಬಿದ್ದಾರೆ. ಲೆಕ್ಕ ಹಾಗಿಲ್ಲ. 2022-23ನೇ ಆರ್ಥಿಕ ವರ್ಷದಲ್ಲಿ ಆ ಮೀಟರ್‌ನಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಕೆಯಾಗಿತ್ತೋ ಅದಕ್ಕೆ ಶೇ. 10 ಸೇರಿಸಿ, ಬಂದ ಸಂಖ್ಯೆಯನ್ನು ಆ ಮನೆಯ ಅರ್ಹ ಯೂನಿಟ್ ಎಂದು ನಿಗದಿ ಮಾಡುತ್ತಾರೆ. ಬಹಳ ಕಡಿಮೆ ವಿದ್ಯುತ್ ಬಳಸುವ ಮನೆಗಳಿಗೆ ಈ ಶೇ. 10ರಿಂದ ಪ್ರಯೋಜನವೇನೂ ಆಗದು ಎಂಬುದು ಗಮನಕ್ಕೆ ಬಂದು, 2024ರಲ್ಲಿ ಅಂತಹವರಿಗೆ ಅದರ ಬದಲು 10 ಯೂನಿಟ್ ಹೆಚ್ಚುವರಿಯಾಗಿ ಕೊಡಲು ಸರ್ಕಾರ ತೀರ್ಮಾನಿಸಿತು. ಹಿಂದಿನ ಬಳಕೆಯ ದಾಖಲೆಯೇ ಇಲ್ಲದ ಹೊಸ ಮನೆಗಳಿಗೂ ಹೊಸ ಬಾಡಿಗೆದಾರರಿಗೂ ರಾಜ್ಯದ ಸರಾಸರಿಯಾದ 53 ಯೂನಿಟ್ ಹಿಡಿದು, ಅದರ ಮೇಲೆ ಶೇ. 10 ಸೇರಿಸಿ, 58 ಯೂನಿಟ್ ಎಂದು ಲೆಕ್ಕ ಹಾಕಲಾಗುತ್ತದೆ.

ಒಂದು ಉದಾಹರಣೆ ನೋಡೋಣ. ನಿಮ್ಮ ಮನೆಯ ಮೀಟರ್‌ನ ಸರಾಸರಿ 90 ಯೂನಿಟ್ ಇತ್ತೆಂದುಕೊಳ್ಳಿ. ಅರ್ಹ ಯೂನಿಟ್ 99. ಈ ತಿಂಗಳು 95 ಯೂನಿಟ್ ಬಳಸಿದ್ದರೆ ಶೂನ್ಯ ಬಿಲ್ಲು ಬರುತ್ತದೆ. 120 ಯೂನಿಟ್ ಬಳಸಿದ್ದರೆ ಹೆಚ್ಚುವರಿ 21 ಯೂನಿಟ್‌ಗಳ ಹಣ ಕಟ್ಟಬೇಕು. 200 ಎಂಬುದು ಮೇಲಿನ ಮಿತಿ, ಅದನ್ನು ದಾಟಿ 201 ಯೂನಿಟ್ ಬಳಸಿದ್ದರೆ ಆ ತಿಂಗಳ ಇಡೀ ಬಿಲ್ಲು ನಿಮ್ಮ ಮೇಲೆಯೇ ಬೀಳುತ್ತದೆ. ಯೂನಿಟ್‌ಗೆ ಸ್ಥೂಲವಾಗಿ 6 ರೂಪಾಯಿ ಎಂದಿಟ್ಟುಕೊಂಡರೂ 1,200 ರೂಪಾಯಿ ದಾಟುತ್ತದೆ. ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ ನಿಗದಿತ ಶುಲ್ಕ, ವಿದ್ಯುತ್ ತೆರಿಗೆ ಇವು ಬೇರೆ. 199ಕ್ಕೂ 201ಕ್ಕೂ ನಡುವಿನ ವ್ಯತ್ಯಾಸ ಎರಡು ಯೂನಿಟ್, ಆದರೆ ಹಣದಲ್ಲಿ ಅದು ಹಲವು ನೂರು ರೂಪಾಯಿ. ಆದ್ದರಿಂದ ಬೇಸಿಗೆಯಲ್ಲಿ, ಮನೆಗೆ ನೆಂಟರು ಬಂದ ತಿಂಗಳಲ್ಲಿ, ತಿಂಗಳ ನಡುವೆ ಒಮ್ಮೆ ಮೀಟರ್ ನೋಡಿಕೊಂಡು ಕಳೆದ ಬಿಲ್ಲಿನ ರೀಡಿಂಗ್‌ನೊಂದಿಗೆ ಹೋಲಿಸುವ ಅಭ್ಯಾಸ ಇಟ್ಟುಕೊಳ್ಳುವುದು ಒಳ್ಳೆಯದು. ನೀರು ಕಾಯಿಸುವ ಗೀಸರ್ ಗಂಟೆಗೆ ಸಾಮಾನ್ಯವಾಗಿ 2 ಯೂನಿಟ್ ಎಳೆಯುತ್ತದೆ. ಬಿಲ್ಲು ಏಕೆ ಏರಿತು ಎಂದು ಮೀಟರ್ ರೀಡರ್ ಜೊತೆ ಜಗಳವಾಡುವ ಮುನ್ನ ಅದನ್ನು ನೆನಪಿಸಿಕೊಳ್ಳಿ.

ಮೀಟರ್ ಮಾಲೀಕರ ಹೆಸರಿನಲ್ಲಿದೆ, ಹಾಗಾಗಿ ನಮಗೆ ಈ ಯೋಜನೆ ಬರುವುದಿಲ್ಲ ಎಂದು ಸುಮ್ಮನಾದವರು ಈ ಸಭೆಯಲ್ಲೂ ಇರಬಹುದು. ಅದು ತಪ್ಪು ತಿಳಿವಳಿಕೆ. ಆರ್‌ಆರ್ ಸಂಖ್ಯೆ, ಅಂದರೆ ವಿದ್ಯುತ್ ಸಂಪರ್ಕದ ನೋಂದಣಿ ಸಂಖ್ಯೆ, ಮಾಲೀಕರ ಹೆಸರಿನಲ್ಲಿಯೇ ಉಳಿಯುತ್ತದೆ, ಅದನ್ನು ಬದಲಿಸುವ ಅಗತ್ಯವಿಲ್ಲ. ಬಿಲ್ಲಿನ ಮೇಲಿರುವ ಖಾತೆ ಸಂಖ್ಯೆಗೆ ಬಾಡಿಗೆದಾರರು ತಮ್ಮ ಆಧಾರ್ ಜೋಡಿಸಬೇಕು. ಅಲ್ಲಿ ವಾಸವಿರುವುದಕ್ಕೆ ಪುರಾವೆಯಾಗಿ ಬಾಡಿಗೆ ಕರಾರು ಪತ್ರ ಅಥವಾ ಆ ವಿಳಾಸದ ಮತದಾರರ ಗುರುತಿನ ಚೀಟಿ ಸಾಕು. ಅರ್ಜಿಯನ್ನು ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ ನೀವೇ ಹಾಕಬಹುದು. ಬಾರದಿದ್ದರೆ ಬೆಂಗಳೂರು ಒನ್, ಕರ್ನಾಟಕ ಒನ್, ಗ್ರಾಮ ಒನ್ ಕೇಂದ್ರಗಳಲ್ಲಿ ಅಥವಾ ವಿದ್ಯುತ್ ಕಂಪನಿಯ ಉಪವಿಭಾಗದ ಕಚೇರಿಯಲ್ಲಿ ಮಾಡಿಸಬಹುದು. ಒಬ್ಬರ ಆಧಾರ್‌ಗೆ ಒಂದೇ ಮೀಟರ್ ಎಂಬುದು ಇಲ್ಲಿನ ಮುಖ್ಯ ನಿಯಮ. ಮನೆ ಬದಲಿಸುವವರಿಗೆ ತೊಡಕಾಗುವುದು ಈ ನಿಯಮವೇ. ಹಳೆಯ ಮನೆಯ ಮೀಟರ್‌ಗೆ ನಿಮ್ಮ ಆಧಾರ್ ಜೋಡಣೆಯಾಗಿಯೇ ಉಳಿದಿದ್ದರೆ ಹೊಸ ಮನೆಯಲ್ಲಿ ನೋಂದಣಿ ಆಗುವುದಿಲ್ಲ. ಅದನ್ನು ಬಿಡಿಸುವ ಸೌಲಭ್ಯವನ್ನು, ಅಂದರೆ ಡಿ-ಲಿಂಕ್ ಮಾಡುವುದನ್ನು, 2024ರಲ್ಲಿ ಸೇವಾ ಸಿಂಧುವಿನಲ್ಲಿ ಸೇರಿಸಿದರು. ಮನೆ ಖಾಲಿ ಮಾಡುವ ದಿನ ಹಾಲಿನವನ ಬಾಕಿ, ಪೇಪರಿನವನ ಬಾಕಿ ತೀರಿಸುವಾಗಲೇ ಈ ಕೆಲಸವನ್ನೂ ಮುಗಿಸಿಬಿಟ್ಟರೆ ನಿಮ್ಮ ನಂತರ ಬರುವ ಬಾಡಿಗೆದಾರರಿಗೂ ಉಪಕಾರವಾಗುತ್ತದೆ.

ಇನ್ನು ಸಬ್ ಮೀಟರ್ ವಿಚಾರ. ಒಂದು ವಠಾರವನ್ನು ಊಹಿಸಿಕೊಳ್ಳಿ. ನಾಲ್ಕು ಮನೆಗಳಿವೆ, ವಿದ್ಯುತ್ ಕಂಪನಿಯ ಮೀಟರ್ ಇರುವುದು ಒಂದೇ. ಮಾಲೀಕರು ತಾವೇ ಅಂಗಡಿಯಿಂದ ತಂದ ಸಣ್ಣ ಮೀಟರ್‌ಗಳನ್ನು ಪ್ರತಿ ಮನೆಗೂ ಹಾಕಿಸಿ, ಯೂನಿಟ್‌ಗೆ ಇಷ್ಟು ಎಂದು ತಮ್ಮದೇ ದರದಲ್ಲಿ ವಸೂಲು ಮಾಡುತ್ತಾರೆ. ನಾಲ್ಕೂ ಮನೆಗಳ ಬಳಕೆ ಒಂದೇ ಮೀಟರ್‌ನಲ್ಲಿ ಕೂಡಿ 200 ದಾಟುವುದರಿಂದ, ಒಂದೊಂದು ಮನೆ 60 ಯೂನಿಟ್ ಮಾತ್ರ ಬಳಸಿದ್ದರೂ ಯಾರಿಗೂ ಗೃಹಜ್ಯೋತಿ ದೊರೆಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಯೋಜನೆಯ ದೊಡ್ಡ ಲೋಪವೇ ಇದು. ಅತ್ಯಂತ ಬಡ ಬಾಡಿಗೆದಾರರು ಇಂತಹ ವಠಾರಗಳಲ್ಲಿಯೇ ಹೆಚ್ಚಾಗಿರುತ್ತಾರೆ. ಇದಕ್ಕೆ ಪರಿಹಾರ ಪ್ರತಿ ಮನೆಗೂ ಪ್ರತ್ಯೇಕ ಸಂಪರ್ಕ ಪಡೆಯುವುದು. 2003ರ ವಿದ್ಯುತ್ ಕಾಯ್ದೆಯ 43ನೇ ಸೆಕ್ಷನ್ ಸಂಪರ್ಕ ಕೇಳುವ ಹಕ್ಕನ್ನು ಮಾಲೀಕರಿಗೆ ಮಾತ್ರವಲ್ಲದೆ ಆ ಸ್ಥಳದಲ್ಲಿ ವಾಸವಿರುವವರಿಗೂ ಕೊಟ್ಟಿದೆ. ಮಾಲೀಕರು ನಿರಾಕ್ಷೇಪಣಾ ಪತ್ರ ಕೊಡಲಿಲ್ಲ ಎಂಬ ಒಂದೇ ಕಾರಣಕ್ಕೆ ಬಾಡಿಗೆದಾರನಿಗೆ ವಿದ್ಯುತ್ ನಿರಾಕರಿಸುವಂತಿಲ್ಲ, ವಿದ್ಯುತ್ ಮೂಲಭೂತ ಅಗತ್ಯ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿದೆ. ಆದರೆ ಕಾನೂನಿನಲ್ಲಿರುವುದೆಲ್ಲ ಮರುದಿನವೇ ಕೈಗೆ ಬರುತ್ತದೆ ಎಂದು ನಾನು ಹೇಳಲಾರೆ. ಕಟ್ಟಡಕ್ಕೆ ಸ್ವಾಧೀನ ಪ್ರಮಾಣಪತ್ರ, ಅಂದರೆ ಅದು ನಿಯಮದಂತೆ ಕಟ್ಟಿದ್ದು, ವಾಸಕ್ಕೆ ತಕ್ಕದ್ದು ಎಂದು ಸ್ಥಳೀಯ ಸಂಸ್ಥೆ ಕೊಡುವ ಪತ್ರ, ಇಲ್ಲದಿದ್ದರೆ ಸಂಪರ್ಕ ಕೊಡಬಾರದೆಂದು ಅದೇ ನ್ಯಾಯಾಲಯ 2024ರ ಡಿಸೆಂಬರ್‌ನಲ್ಲಿ ಕೊಟ್ಟ ತೀರ್ಪಿನ ಬಳಿಕ ಹೊಸ ಸಂಪರ್ಕಗಳಿಗೆ ನಮ್ಮಲ್ಲಿ ತೊಡಕಾಯಿತು. ಹಳೆಯ ವಠಾರಗಳ ಎಷ್ಟು ಮಾಲೀಕರ ಬಳಿ ಆ ಪತ್ರ ಇದ್ದೀತು? ಮನೆ ಹುಡುಕುವ ಹಂತದಲ್ಲಿಯೇ ‘ಪ್ರತ್ಯೇಕ ಮೀಟರ್ ಇದೆಯೇ’ ಎಂದು ಕೇಳುವುದು ಇದಕ್ಕಿಂತ ಸುಲಭದ ದಾರಿ. ಬಾಡಿಗೆ 300 ರೂಪಾಯಿ ಹೆಚ್ಚಾದರೂ ಸ್ವಂತ ಮೀಟರ್ ಇರುವ ಮನೆಯೇ ಒಟ್ಟು ಲೆಕ್ಕದಲ್ಲಿ ಅಗ್ಗವಾಗುವ ಸಂದರ್ಭಗಳು ಬಹಳ.

ಮನೆ ನೋಡಲು ಹೋದಾಗ ಇನ್ನೊಂದನ್ನು ಕೇಳಿ: ಇತ್ತೀಚಿನ ವಿದ್ಯುತ್ ಬಿಲ್ಲು. ಹಿಂದಿನವರು ಉಳಿಸಿಹೋದ ಬಾಕಿಗೆ ನಾವು ಹೊಣೆಯಲ್ಲ ಎಂದು ನಮಗೆ ಅನಿಸುವುದು ಸಹಜ. ಆದರೆ ಬಾಕಿ ಆ ಸ್ಥಳದ ಸಂಪರ್ಕದ ಮೇಲೆ ಕೂತಿರುತ್ತದೆ, ಅದು ತೀರುವ ತನಕ ಕಂಪನಿ ಸಂಪರ್ಕವನ್ನು ತಡೆಹಿಡಿಯಬಹುದು. ಅಡ್ವಾನ್ಸ್ ಹಣ ಕೊಡುವ ಮುನ್ನ ಬಿಲ್ಲು ನೋಡಿದರೆ ಬಾಕಿಯ ಹೊರೆ ಮಾಲೀಕರ ಬಳಿಯೇ ಉಳಿಯುತ್ತದೆ.

ಬಿಲ್ಲು ಕಟ್ಟಲಾಗದ ತಿಂಗಳು ಬಂದೇಬಂತು ಎಂದುಕೊಳ್ಳಿ. ಲೈನ್‌ಮ್ಯಾನ್ ಬಂದು ಫ್ಯೂಸ್ ಕಿತ್ತುಕೊಂಡು ಹೋಗುವುದು ನಮಗೆಲ್ಲ ಗೊತ್ತಿರುವ ದೃಶ್ಯ. ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ಸಂಪರ್ಕ ಕಡಿಯುವ ಮುನ್ನ ಪೂರ್ಣ 15 ದಿನಗಳ ಲಿಖಿತ ಸೂಚನೆ ಕೊಡಬೇಕು. ಬಿಲ್ಲಿನ ಮೊತ್ತವೇ ತಪ್ಪು ಎಂಬ ತಕರಾರು ನಿಮ್ಮದಾಗಿದ್ದರೆ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿಯ ಲೆಕ್ಕದಲ್ಲಿ ಬರುವ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ‘ಪ್ರತಿಭಟನೆಯೊಂದಿಗೆ ಪಾವತಿ’ ಎಂದು ಬರೆದು ಕಟ್ಟಿದರೆ, ತಕರಾರು ತೀರುವ ತನಕ ಸಂಪರ್ಕ ಕಡಿಯುವಂತಿಲ್ಲ. ಈ ಎರಡನೆಯ ಅಂಶ ಗೊತ್ತಿರುವ ಗ್ರಾಹಕರು ತೀರಾ ಕಡಿಮೆ, ಆದ್ದರಿಂದ ನಿಧಾನವಾಗಿ ಹೇಳಿದೆ. ತಕರಾರನ್ನು ಮೊದಲು 1912ಕ್ಕೆ ಅಥವಾ ಉಪವಿಭಾಗಕ್ಕೆ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆ ಇದೆ, ಅದರ ಮೇಲೆ ಮೇಲ್ಮನವಿ ಕೇಳುವ ಅಧಿಕಾರಿಯಾದ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ತಕರಾರಿಲ್ಲ, ಕೈಯಲ್ಲಿ ಹಣವಿಲ್ಲ ಅಷ್ಟೆ ಎನ್ನುವವರು ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಅವರಿಗೆ ಕಂತಿನಲ್ಲಿ ಕಟ್ಟಲು ಅವಕಾಶ ಕೇಳಿ ಅರ್ಜಿ ಬರೆದು, ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಕಚೇರಿಯಲ್ಲಿ ದಾಖಲೆ ಇರುವುದಿಲ್ಲ.

ಈಗ ಪಡಿತರ ಚೀಟಿಗೆ ಬರೋಣ. ನಗರಕ್ಕೆ ಬಂದು ನೆಲೆಸಿದವರಲ್ಲಿ ಎಷ್ಟೋ ಮಂದಿ ತಿಂಗಳ ಅಕ್ಕಿಯನ್ನು ಊರಿನ ನ್ಯಾಯಬೆಲೆ ಅಂಗಡಿಯಲ್ಲಿಯೇ ಬಿಟ್ಟುಬಿಡುತ್ತಾರೆ, ಇಲ್ಲವೇ ಅದಕ್ಕಾಗಿಯೇ ಊರಿಗೆ ಹೋಗಿ ಬಸ್ಸಿನಲ್ಲಿ ಮೂಟೆ ತರುತ್ತಾರೆ. ಎರಡೂ ಬೇಕಾಗಿಲ್ಲ. ರಾಜ್ಯದ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಪಡಿತರ ಪಡೆಯಬಹುದು, ಚೀಟಿಯನ್ನು ವರ್ಗಾಯಿಸಬೇಕಾಗಿಲ್ಲ. ಬೇರೆ ರಾಜ್ಯದಿಂದ ಬಂದು ಇಲ್ಲಿ ದುಡಿಯುವವರಿಗೂ ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಈ ಅವಕಾಶವಿದೆ. ಕರ್ನಾಟಕ 2020ರಿಂದಲೇ ಅದರಲ್ಲಿದೆ. ಅವರಿಗೆ ಸಿಗುವುದು ಕೇಂದ್ರದ ಪಾಲಿನ ಧಾನ್ಯ ಮಾತ್ರ, ನಮ್ಮ ರಾಜ್ಯ ಕೊಡುವ ಹೆಚ್ಚುವರಿ ಪಾಲು ಅನ್ವಯಿಸುವುದಿಲ್ಲ. ಹಾಗೆಯೇ ಕೇರಳದಲ್ಲೋ ಮಹಾರಾಷ್ಟ್ರದಲ್ಲೋ ಕೂಲಿಗೆ ಹೋಗಿರುವ ನಮ್ಮ ಉತ್ತರ ಕರ್ನಾಟಕದ ಕುಟುಂಬಗಳಿಗೂ ಅಲ್ಲಿನ ಅಂಗಡಿಯಲ್ಲಿ ಕೇಂದ್ರದ ಪಾಲು ಸಿಗುತ್ತದೆ. ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ.ಯ ಬದಲು 2023ರ ಜುಲೈನಿಂದ ತಲಾ 170 ರೂಪಾಯಿ ಖಾತೆಗೆ ಬರುತ್ತಿತ್ತು. 2025ರ ಆರಂಭದಲ್ಲಿ ಮತ್ತೆ ಧಾನ್ಯವೇ ಬಂತು. ಇಂತಹ ಬದಲಾವಣೆಗಳನ್ನು ಅಂಗಡಿಯ ಫಲಕದಲ್ಲಿ ಆಗಾಗ ನೋಡಿಕೊಳ್ಳಬೇಕು. ಚೀಟಿಯಲ್ಲಿರುವ ಪ್ರತಿಯೊಬ್ಬ ಸದಸ್ಯರ ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತಿನ ದೃಢೀಕರಣ, ಆಗಿದೆಯೇ ಎಂಬುದನ್ನಂತೂ ತಪ್ಪದೆ ವಿಚಾರಿಸಿ. ಊರಿನಿಂದ ದೂರವಿರುವವರ ಹೆಸರು ಪಟ್ಟಿಯಿಂದ ಬಿಟ್ಟುಹೋಗುವುದು ಸಾಮಾನ್ಯವಾಗಿ ಅದರಿಂದಲೇ.

ಇದೇ ಚೀಟಿಗೆ ಅಂಟಿಕೊಂಡಿರುವ ಇನ್ನೊಂದು ನೆರವು ಗೃಹಲಕ್ಷ್ಮಿ. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಅಂತ್ಯೋದಯ, ಬಿಪಿಎಲ್, ಎಪಿಎಲ್ ಮೂರೂ ಬಗೆಯ ಚೀಟಿಗಳಿಗೆ ಇದು ಅನ್ವಯಿಸುತ್ತದೆ. ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅಥವಾ ಜಿಎಸ್‌ಟಿ ವಿವರ ಸಲ್ಲಿಸುವವರಾಗಿದ್ದರೆ ಬರುವುದಿಲ್ಲ. ಮನೆ ಸ್ವಂತದ್ದೋ ಬಾಡಿಗೆಯದೋ ಎಂದು ಈ ಯೋಜನೆ ಕೇಳುವುದೇ ಇಲ್ಲ, ಹಾಗಾಗಿ ಬಾಡಿಗೆದಾರರ ಮಟ್ಟಿಗೆ ಇದು ಸಲೀಸು. ಆದರೆ ಒಂದು ಕುಟುಂಬದೊಳಗಿನ ಸೂಕ್ಷ್ಮ ಇಲ್ಲಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಕುಟುಂಬದ ಅತ್ಯಂತ ಹಿರಿಯ ಮಹಿಳೆಯೇ ಚೀಟಿಯ ಯಜಮಾನಿ. ಊರಿನಲ್ಲಿ ಅತ್ತೆ, ಬೆಂಗಳೂರಿನಲ್ಲಿ ಸೊಸೆ, ಚೀಟಿ ಒಂದೇ ಎಂದಾದರೆ ಹಣ ಬೀಳುವುದು ಅತ್ತೆಯ ಖಾತೆಗೆ. ಬಾಡಿಗೆ ಕಟ್ಟುವುದು ಸೊಸೆಯ ಹೊಣೆ. ‘ಬೇರೆ ಚೀಟಿ ಮಾಡಿಸಿಕೊಳ್ಳಲೇ’ ಎಂದು ಕೇಳುವವರು ಬಹಳ. ನಿಜವಾಗಿಯೂ ಬೇರೆ ಸಂಸಾರ ಹೂಡಿದ್ದರೆ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಹೊಸ ಬಿಪಿಎಲ್ ಚೀಟಿಗೆ ಅರ್ಜಿ ತೆಗೆದುಕೊಳ್ಳುವುದು ಆಗೊಮ್ಮೆ ಈಗೊಮ್ಮೆ ಮಾತ್ರ. ಈಗಿರುವ ಚೀಟಿಯಿಂದ ಹೆಸರು ತೆಗೆಸಿ, ಹೊಸದು ಬಾರದೆ, ಎರಡೂ ಕಡೆ ಇಲ್ಲದಂತಾದವರಿದ್ದಾರೆ. ಹಣದ ಹಂಚಿಕೆಯನ್ನು ಮನೆಯವರೇ ಮಾತಾಡಿಕೊಂಡು, ಹೊಸ ಅರ್ಜಿಗಳಿಗೆ ಅವಕಾಶ ತೆರೆದಾಗ ಮಾತ್ರ ಆ ಕಡೆ ಹೋಗುವುದು ಕ್ಷೇಮ ಎಂದು ನಾನು ಹೇಳುತ್ತೇನೆ.

ಅಡುಗೆ ಅನಿಲದ ಬಗ್ಗೆ ಎರಡು ಮಾತು. ಸಂಪರ್ಕಕ್ಕೆ ವಿಳಾಸದ ಪುರಾವೆ ಬೇಕು ಎಂಬ ಕಾರಣದಿಂದ ಬಾಡಿಗೆದಾರರು ಬೀದಿಬದಿಯಲ್ಲಿ ಕದ್ದು ತುಂಬಿಸುವ ಸಣ್ಣ ಸಿಲಿಂಡರ್‌ಗಳ ಮೊರೆ ಹೋಗುತ್ತಾರೆ. ಅದು ಅಪಾಯಕಾರಿ, ಮೇಲಾಗಿ ಕೆ.ಜಿ.ಗೆ ಬೀಳುವ ಬೆಲೆಯೂ ಹೆಚ್ಚು. 2021ರ ಆಗಸ್ಟ್‌ನಲ್ಲಿ ಆರಂಭವಾದ ಉಜ್ವಲ ಯೋಜನೆಯ ಎರಡನೆಯ ಹಂತದಲ್ಲಿ ವಲಸೆ ಕುಟುಂಬಗಳಿಗೆ ವಿಳಾಸ ಮತ್ತು ಕುಟುಂಬದ ವಿವರಕ್ಕೆ ಸ್ವಯಂ ಘೋಷಣೆಯೇ ಸಾಕು ಎಂದು ನಿಯಮ ಸಡಿಲಿಸಲಾಯಿತು. ಬಡ ಕುಟುಂಬದ ವಯಸ್ಕ ಮಹಿಳೆಯ ಹೆಸರಿನಲ್ಲಿ ಅರ್ಜಿ ಹಾಕಬೇಕು, ಆ ಮನೆಯಲ್ಲಿ ಮೊದಲೇ ಬೇರೆ ಸಂಪರ್ಕ ಇರಬಾರದು. ಉಜ್ವಲ ಫಲಾನುಭವಿಗಳಿಗೆ 2023ರ ಅಕ್ಟೋಬರ್‌ನಿಂದ ಪ್ರತಿ ಸಿಲಿಂಡರ್‌ಗೆ 300 ರೂಪಾಯಿ ಸಬ್ಸಿಡಿ ಬರುತ್ತಿದೆ, ವರ್ಷಕ್ಕೆ ಇಷ್ಟೇ ಸಿಲಿಂಡರ್ ಎಂಬ ಮಿತಿಯೊಂದಿಗೆ. ಅದಕ್ಕೆ ಅರ್ಹರಲ್ಲದವರು, ಒಂಟಿಯಾಗಿ ಕೊಠಡಿ ಮಾಡಿಕೊಂಡಿರುವವರು, ತೈಲ ಕಂಪನಿಗಳೇ ಮಾರುವ 5 ಕೆ.ಜಿ. ಸಿಲಿಂಡರ್ ತೆಗೆದುಕೊಳ್ಳಬಹುದು. ಅದಕ್ಕೆ ಗುರುತಿನ ಚೀಟಿ ಇದ್ದರೆ ಸಾಕು, ವಿಳಾಸ ಕೇಳುವುದಿಲ್ಲ. ಸಬ್ಸಿಡಿ ಇಲ್ಲವಾದರೂ ತೂಕ ಸರಿ ಇರುತ್ತದೆ, ರೆಗ್ಯುಲೇಟರ್ ಸರಿ ಇರುತ್ತದೆ.

ನೀರಿನ ಬಗ್ಗೆ ಹೆಚ್ಚು ಹೇಳಲು ಇಲ್ಲ. ಬೆಂಗಳೂರು ಜಲಮಂಡಳಿಯ ಬಿಲ್ಲು ಮಾಲೀಕರ ಹೆಸರಿಗೆ ಬರುತ್ತದೆ, ಬಾಡಿಗೆದಾರರಿಗೆ ಬರುವುದು ಅದರ ಒಂದು ಪಾಲು. ಆ ಪಾಲನ್ನು ತಲೆಯ ಲೆಕ್ಕದಲ್ಲಿ ಹಾಕುತ್ತಾರೋ ಮನೆಯ ಲೆಕ್ಕದಲ್ಲಿ ಹಾಕುತ್ತಾರೋ, ಟ್ಯಾಂಕರ್ ತರಿಸಿದರೆ ಯಾರು ಕೊಡಬೇಕು ಎಂಬುದನ್ನು ಕರಾರು ಪತ್ರದಲ್ಲಿ ಬರೆಸಿ. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿದಾಗ ಅಂತಹ ಒಂದು ಸಾಲು ಇಲ್ಲದಿದ್ದ ಮನೆಗಳಲ್ಲಿ ಟ್ಯಾಂಕರ್ ಹಣಕ್ಕಾಗಿ ಆದ ಜಗಳಗಳನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ.

ಬಾಡಿಗೆಯ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಇಲ್ಲಿ ನೆರವು ಕಡಿಮೆ, ಮಾತುಕತೆ ಹೆಚ್ಚು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ನಮ್ಮನ್ನು ಕಾಪಾಡುತ್ತದೆ ಎಂದು ಅನೇಕರು ಭಾವಿಸಿದ್ದಾರೆ. ಬೆಂಗಳೂರಿನಂತಹ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ, ಉಳಿದೆಡೆ 2,000 ಮೀರಿದ ಬಾಡಿಗೆಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಇಂದು 3,500ಕ್ಕೆ ಸಿಗುವ ಮನೆ ಎಲ್ಲಿದೆ? ಹೀಗಾಗಿ ಹೆಚ್ಚಿನವರ ಸಂಬಂಧ ಕರಾರು ಪತ್ರದಲ್ಲಿ ಏನು ಬರೆದಿದೆಯೋ ಅದರ ಮೇಲೆಯೇ ನಿಂತಿದೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದು ಎಂಬ ಮಾತು 2021ರಲ್ಲಿ ಕೇಂದ್ರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿದೆ. ಹೆಸರೇ ಹೇಳುವಂತೆ ಅದು ಮಾದರಿ, ರಾಜ್ಯದ ಶಾಸನಸಭೆ ಅಂಗೀಕರಿಸಿದ ಕಡೆ ಮಾತ್ರ ಕಟ್ಟುಪಾಡು. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಬೆಂಗಳೂರಿನ ಪದ್ಧತಿ ಅದರಿಂದ ನಿಂತಿಲ್ಲ.

ಆದರೆ ಆ ದೊಡ್ಡ ಅಡ್ವಾನ್ಸ್ ಕಷ್ಟದ ಕಾಲದಲ್ಲಿ ನಿಮ್ಮ ಪರವಾಗಿಯೂ ಕೆಲಸ ಮಾಡಬಲ್ಲದು. ಕೆಲಸ ಹೋಗಿದೆ, ಎರಡು ತಿಂಗಳು ಬಾಡಿಗೆ ಕೊಡಲಾಗದು ಎಂದಾದರೆ, ಬಾಕಿ ಬೀಳುವ ತನಕ ಕಾಯದೆ, ಮೊದಲ ತಿಂಗಳಿನಲ್ಲಿಯೇ ಮಾಲೀಕರೊಂದಿಗೆ ಕುಳಿತು ಎರಡು ತಿಂಗಳ ಬಾಡಿಗೆಯನ್ನು ಮುಂಗಡದಿಂದ ಮುರಿದುಕೊಂಡು, ನಂತರ ಇಂತಿಷ್ಟು ಕಂತುಗಳಲ್ಲಿ ಮುಂಗಡವನ್ನು ಮತ್ತೆ ತುಂಬುತ್ತೇನೆ ಎಂದು ಕೇಳಬಹುದು. ಒಪ್ಪಿದರೆ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಒಪ್ಪಲೇಬೇಕೆಂಬ ನಿಯಮವಿಲ್ಲ. ಹೊಸ ಬಾಡಿಗೆದಾರರನ್ನು ಹುಡುಕುವುದು ಮಾಲೀಕರಿಗೂ ಖರ್ಚಿನ ಬಾಬತ್ತು, ಹಾಗಾಗಿ ಸಮಯಕ್ಕೆ ಬಾಡಿಗೆ ಕೊಟ್ಟುಕೊಂಡು ಬಂದವರ ಮಾತನ್ನು ಹೆಚ್ಚಿನವರು ಕೇಳುತ್ತಾರೆ. ಮನೆ ಬಿಟ್ಟ ಮೇಲೆ ಅಡ್ವಾನ್ಸ್ ವಾಪಸು ಬಾರದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೂ ಅದರ ಕಚೇರಿ ಇರುತ್ತದೆ, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ವಿದ್ಯುತ್, ನೀರು ಸರಬರಾಜಿನ ವ್ಯಾಜ್ಯಗಳಿಗೆ ಈ ಪ್ರಾಧಿಕಾರವನ್ನು ರಚಿಸಿದ ಕಾನೂನಿನಡಿಯೇ ಖಾಯಂ ಜನತಾ ನ್ಯಾಯಾಲಯ ಇದೆ, ಅಲ್ಲಿ ನ್ಯಾಯಾಲಯ ಶುಲ್ಕವಿಲ್ಲ.

ಸಂಬಳದಾರರು ಮನೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿ ಬಗ್ಗೆ ಕೇಳುತ್ತಾರೆ. ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಸಿಗುತ್ತದೆ. ಹೊಸ ಪದ್ಧತಿಯಲ್ಲಿ 2025-26ರಿಂದ ವರ್ಷಕ್ಕೆ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬೀಳದಂತಾಗಿರುವಾಗ, ತಿಂಗಳ ಬಿಲ್ಲಿಗೆ ಪರದಾಡುವ ಕುಟುಂಬಕ್ಕೆ ಇದು ದೊಡ್ಡ ವಿಷಯವಲ್ಲ.

ಬಿಲ್ಲು ಕಟ್ಟಲಾಗದಿರುವುದಕ್ಕೆ ನಿಜವಾದ ಕಾರಣ ಹಲವು ಬಾರಿ ಬಿಲ್ಲಿನ ಹೊರಗೆ ಇರುತ್ತದೆ: ದುಡಿಯುವವರು ಕಾಯಿಲೆ ಬಿದ್ದಿರುತ್ತಾರೆ, ಮಗನ ಕಾಲೇಜು ಶುಲ್ಕ ಬಂದಿರುತ್ತದೆ, ಹಿರಿಯರು ಊರಿನಿಂದ ಬಂದು ಸೇರಿರುತ್ತಾರೆ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ, ಅಂಗಡಿಯಲ್ಲಿ, ಸೆಕ್ಯುರಿಟಿ ಕೆಲಸದಲ್ಲಿ ಇರುವವರ ಸಂಬಳದಲ್ಲಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ವಂತಿಗೆ, ಕಡಿತವಾಗುತ್ತಿದ್ದರೆ, ಅದು ಔಷಧಿಗೆ ಮಾತ್ರ ಎಂದು ತಿಳಿಯಬೇಡಿ. ವೈದ್ಯರು ರಜೆ ಬರೆದುಕೊಟ್ಟರೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ. 70ರಷ್ಟು ಹಣ ನಗದಾಗಿ ಬರುತ್ತದೆ. ಅದಕ್ಕೆ ಇಎಸ್‌ಐ ಲೆಕ್ಕದ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಸಂದಿರಬೇಕು. ಡೆಂಗಿ ಜ್ವರ ಬಂದು ಹದಿನೈದು ದಿನ ಮಲಗಿದ್ದ ಕಾರ್ಮಿಕರು ಈ ಹಣ ಕೇಳದೆ ಬಡ್ಡಿಗೆ ಸಾಲ ತಂದು ಬಾಡಿಗೆ ಕಟ್ಟುವುದು ನೋಡಲು ಸಂಕಟವಾಗುತ್ತದೆ. ಕಟ್ಟಡ ಕೆಲಸದವರು ವರ್ಷದಲ್ಲಿ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಮಕ್ಕಳ ಓದಿಗೆ, ಹೆರಿಗೆಗೆ, ಚಿಕಿತ್ಸೆಗೆ ಅಲ್ಲಿ ಸಹಾಯಧನವಿದೆ. ಸರ್ಕಾರಿ ಹಾಸ್ಟೆಲ್ ಸಿಗದೆ ಕೊಠಡಿ ಮಾಡಿಕೊಂಡಿರುವ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಊಟ ವಸತಿಗೆಂದು ಕೊಡುತ್ತಾರೆ. ಬಾಡಿಗೆಗೆಂದೇ ಬರುವ ಹಣಕ್ಕೆ ನಮ್ಮಲ್ಲಿ ಅತ್ಯಂತ ಹತ್ತಿರದ್ದು ಬಹುಶಃ ಇದೊಂದೇ. ಹಿರಿಯರಿಗೆ, ವಿಧವೆಯರಿಗೆ ಇರುವ ಪಿಂಚಣಿಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು.

ಇವೆಲ್ಲ ಕೈಗೆ ಬರಲು ಸಮಯ ಹಿಡಿಯುತ್ತದೆ, ಅಷ್ಟರಲ್ಲಿ ಸಾಲ ಮಾಡದೆ ವಿಧಿಯಿಲ್ಲ ಎನ್ನುವಿರಿ. ಒಂದು ಹೋಲಿಕೆ ಮಾಡಿ ನೋಡಿ. ವಿದ್ಯುತ್ ಬಿಲ್ಲು ತಡವಾದರೆ ಕಂಪನಿ ಹಾಕುವುದು ತಿಂಗಳಿಗೆ ಶೇ. 1ರ ಬಡ್ಡಿ. ಬಿಲ್ಲು ಕಟ್ಟಲು, ದಿನದಿನಕ್ಕೂ ಏರುವ ‘ಮೀಟರ್ ಬಡ್ಡಿ’ಯ ಖಾಸಗಿ ಸಾಲಕ್ಕೋ ಮೊಬೈಲ್ ಆ್ಯಪಿನ ಸಾಲಕ್ಕೋ ಕೈಯೊಡ್ಡಿದರೆ ಅದರ ಹಲವು ಪಟ್ಟು ತೆರಬೇಕಾಗುತ್ತದೆ. ಸ್ತ್ರೀಶಕ್ತಿ ಸಂಘದ ಒಳಸಾಲ ಅಥವಾ ಕಾರ್ಖಾನೆಯಲ್ಲಿ ಸಂಬಳದ ಮುಂಗಡ ಇದಕ್ಕಿಂತ ಮೇಲು. ಮೈಕ್ರೋಫೈನಾನ್ಸ್ ವಸೂಲಿಗಾರರ ಕಿರುಕುಳ ವಿಪರೀತವಾದಾಗ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸಜೆ ವಿಧಿಸಬಹುದಾದ ಕಾನೂನು ಮಾಡಿತು. ಮನೆ ಬಾಗಿಲಿಗೆ ಬಂದು ಬೆದರಿಸಿದರೆ ಪೊಲೀಸರಿಗೆ ದೂರು ಕೊಡಬಹುದು, ಪೊಲೀಸರು ಅದನ್ನು ಸಿವಿಲ್ ವ್ಯಾಜ್ಯ ಎಂದು ತಳ್ಳಿಹಾಕುವಂತಿಲ್ಲ.

ಸಭೆಯಿಂದ ಬಂದ ಒಂದು ಪ್ರಶ್ನೆಗೆ ಉತ್ತರಿಸಿ ಮುಗಿಸುತ್ತೇನೆ. ಹಿಂದಿನ ಸಾಲಿನಲ್ಲಿ ಕುಳಿತ ಒಬ್ಬ ತಾಯಿ ಕೇಳಿದ್ದಾರೆ: ‘ನಮ್ಮ ಓನರ್ ಕರಾರು ಪತ್ರ ಮಾಡಿಕೊಡುವುದಿಲ್ಲ, ಬಾಡಿಗೆ ಕೈಗೇ ಬೇಕು ಅಂತಾರೆ, ನಾವು ಯಾವ ದಾಖಲೆ ತೋರಿಸಲಿ?’ ಅಮ್ಮ, ನೀವು ಮತದಾರರ ಚೀಟಿಯಿಂದ ಶುರುಮಾಡಿ. ವಿಳಾಸ ಬದಲಾವಣೆಗೆ ನಮೂನೆ 8 ಇದೆ. ಅದಕ್ಕೂ ವಾಸದ ಪುರಾವೆ ಕೇಳುತ್ತಾರೆ, ಆದರೆ ಕಾಗದ ಯಾವುದೂ ಇಲ್ಲದಿದ್ದರೆ ಮತಗಟ್ಟೆ ಮಟ್ಟದ ಅಧಿಕಾರಿ ಖುದ್ದಾಗಿ ಮನೆಗೆ ಬಂದು ನೀವು ಅಲ್ಲಿ ವಾಸವಿರುವುದನ್ನು ಪರಿಶೀಲಿಸುವ ವ್ಯವಸ್ಥೆ ಇದೆ. ಸಾಮಾನ್ಯವಾಗಿ ಅವರು ನಿಮ್ಮ ಬಡಾವಣೆಯ ಅಂಗನವಾಡಿ ಕಾರ್ಯಕರ್ತೆ ಅಥವಾ ಶಾಲಾ ಶಿಕ್ಷಕರೇ ಆಗಿರುತ್ತಾರೆ, ಹಾಗಾಗಿ ಅರ್ಜಿ ಹಾಕಿದ ಕೂಡಲೇ ಅವರನ್ನು ಕಂಡು, ನೀವು ಕೆಲಸಕ್ಕೆ ಹೋಗಿ ಬರುವ ಹೊತ್ತನ್ನು ತಿಳಿಸಿ ಬನ್ನಿ. ಅವರು ಬಂದಾಗ ಮನೆಗೆ ಬೀಗ ಹಾಕಿದ್ದರೆ ಅರ್ಜಿ ತಿರಸ್ಕೃತವಾಗಬಹುದು. ಹೊಸ ವಿಳಾಸದ ಮತದಾರರ ಚೀಟಿ ಕೈಗೆ ಬಂದರೆ ಅದನ್ನು ತೋರಿಸಿ ಆಧಾರ್ ವಿಳಾಸ ಬದಲಿಸಿಕೊಳ್ಳಬಹುದು, ಅದೇ ಚೀಟಿಯಿಂದ ಗೃಹಜ್ಯೋತಿಗೂ ನೋಂದಾಯಿಸಬಹುದು. ನಿಮ್ಮ ಆಧಾರ್ ವಿಳಾಸ ಬದಲಾದ ಮೇಲೆ ಮಕ್ಕಳದ್ದಕ್ಕೆ ಬೇರೆ ಪುರಾವೆ ಹುಡುಕಬೇಕಾಗಿಲ್ಲ. ಕುಟುಂಬದ ಮುಖ್ಯಸ್ಥರ ಒಪ್ಪಿಗೆಯ ಮೇಲೆ ಉಳಿದವರ ವಿಳಾಸ ಬದಲಿಸುವ ಅವಕಾಶವನ್ನು ಆಧಾರ್ ಪ್ರಾಧಿಕಾರ 2023ರಿಂದ ಕೊಟ್ಟಿದೆ. ಇಷ್ಟರಲ್ಲಿ ಎಲ್ಲಿಯೂ ಮಾಲೀಕರ ಸಹಿ ಬೇಕಾಗುವುದಿಲ್ಲ.